ಮೌನವಾಗಿರುವ ಸಂಪರ್ಕ ಬದುಕಿದೆಯೇ? ಸರ್ವರ್‌ನಲ್ಲಿ ಟಿಸಿಪಿ ಕೀಪ್‌ಅಲೈವ್ ಹೊಂದಿಸುವ ಬಗೆ

ಟಿಸಿಪಿ (ಎರಡು ಯಂತ್ರಗಳ ನಡುವೆ ದತ್ತಾಂಶ ಸಾಗಿಸುವ ಜಾಲ ನಿಯಮ) ಸಂಪರ್ಕವೊಂದು ಏರ್ಪಟ್ಟ ಮೇಲೆ ಎರಡೂ ತುದಿಗಳು ಗಂಟೆಗಟ್ಟಲೆ ಒಂದು ಬೈಟನ್ನೂ ಕಳುಹಿಸದೆ ಸುಮ್ಮನಿರಬಹುದು; ನಿಯಮದ ಪ್ರಕಾರ ಅದರಲ್ಲಿ ತಪ್ಪೇನೂ ಇಲ್ಲ. ಆದರೆ ಎದುರಿನ ಯಂತ್ರಕ್ಕೆ ವಿದ್ಯುತ್ ಹೋದರೂ, ನಡುವಿನ ಕೇಬಲ್ ಕಳಚಿದರೂ, ದಾರಿಯಲ್ಲಿರುವ ಫೈರ್‌ವಾಲ್ ಆ ಸಂಪರ್ಕವನ್ನು ತನ್ನ ಪಟ್ಟಿಯಿಂದ ಅಳಿಸಿಹಾಕಿದರೂ ಸರ್ವರ್‌ಗೆ ಕಾಣುವುದು ಅದೇ ಮೌನ. ಹೀಗಾಗಿ ಸತ್ತ ಸಂಪರ್ಕವನ್ನು ಬದುಕಿದೆಯೆಂದೇ ನಂಬಿದ ಸರ್ವರ್, ಅದಕ್ಕಾಗಿ ಫೈಲ್ ಡಿಸ್ಕ್ರಿಪ್ಟರ್ (ತೆರೆದ ಸಂಪರ್ಕಕ್ಕೆ ವ್ಯವಸ್ಥೆ ಕೊಡುವ ಗುರುತಿನ ಸಂಖ್ಯೆ), ಮೆಮೊರಿ, ಕೆಲವೊಮ್ಮೆ ಡೇಟಾಬೇಸಿನ ಲಾಕನ್ನೂ ಹಿಡಿದಿಟ್ಟುಕೊಂಡು ಕೂತಿರುತ್ತದೆ.

ಇಂಥ ಸಂಪರ್ಕದ ನಾಡಿ ಹಿಡಿದು ನೋಡುವ ವ್ಯವಸ್ಥೆಯೇ ಕೀಪ್‌ಅಲೈವ್. ನಿಗದಿತ ಅವಧಿಯವರೆಗೆ ಯಾವ ಸಂಚಾರವೂ ಇಲ್ಲದಿದ್ದರೆ ಕರ್ನಲ್ (ಆಪರೇಟಿಂಗ್ ಸಿಸ್ಟಮ್‌ನ ತಿರುಳು) ಒಂದು ಚಿಕ್ಕ ಶೋಧಕ ಪ್ಯಾಕೆಟನ್ನು ಕಳುಹಿಸುತ್ತದೆ. ಅದರ ಅನುಕ್ರಮ ಸಂಖ್ಯೆಯನ್ನು (ಬೈಟ್‌ಗಳಿಗೆ ಸಾಲಾಗಿ ಕೊಡುವ ಸಂಖ್ಯೆ) ಬೇಕೆಂದೇ ಒಂದು ಹಿಂದಕ್ಕೆ ಇಟ್ಟಿರುವುದರಿಂದ, ಎದುರಿನ ಕರ್ನಲ್ ಬದುಕಿದ್ದರೆ ಸ್ವೀಕೃತಿಯನ್ನು ಮರಳಿಸಲೇಬೇಕಾಗುತ್ತದೆ. ಆ ಯಂತ್ರ ಕುಸಿದು ಮತ್ತೆ ಚಾಲನೆಗೊಂಡಿದ್ದರೆ, ಹಳೆಯ ಸಂಪರ್ಕದ ನೆನಪಿಲ್ಲದ ಕಾರಣ ರೀಸೆಟ್ ಕಳುಹಿಸುತ್ತದೆ. ಉತ್ತರವೇ ಬಾರದಿದ್ದರೆ ಕರ್ನಲ್ ಇನ್ನೂ ಕೆಲವು ಸಲ ಕೇಳಿ ನೋಡಿ, ಕೊನೆಗೆ ಸಂಪರ್ಕವನ್ನು ಮುಚ್ಚಿ, ಕಾಲಮಿತಿ ಮೀರಿತು ಎಂಬ ದೋಷವನ್ನು ಅಪ್ಲಿಕೇಶನ್‌ಗೆ ತಿಳಿಸುತ್ತದೆ.

ಮೂರು ಸಂಖ್ಯೆಗಳು

ಲಿನಕ್ಸ್‌ನಲ್ಲಿ ಇದನ್ನು ನಿಯಂತ್ರಿಸುವ ಸೆಟ್ಟಿಂಗ್‌ಗಳು ಮೂರು. ಟಿಸಿಪಿ_ಕೀಪ್‌ಅಲೈವ್_ಟೈಮ್ ಎಂಬುದು ಮೊದಲ ಶೋಧಕಕ್ಕೆ ಮುಂಚಿನ ಮೌನದ ಅವಧಿ. ಇದರ ಡೀಫಾಲ್ಟ್ 7200 ಸೆಕೆಂಡ್. ಟಿಸಿಪಿ_ಕೀಪ್‌ಅಲೈವ್_ಇಂಟ್‌ವಿಎಲ್ ಎಂಬುದು ಉತ್ತರ ಬಾರದ ಶೋಧಕಗಳ ನಡುವಿನ ಅಂತರ. ಡೀಫಾಲ್ಟ್ 75 ಸೆಕೆಂಡ್. ಟಿಸಿಪಿ_ಕೀಪ್‌ಅಲೈವ್_ಪ್ರೋಬ್ಸ್ ಎಂಬುದು ಉತ್ತರವಿಲ್ಲದೆ ಕೈಬಿಡುವ ಮುನ್ನ ಕಳುಹಿಸಬೇಕಾದ ಶೋಧಕಗಳ ಎಣಿಕೆ, ಡೀಫಾಲ್ಟ್ 9. ಕೂಡಿಸಿ ನೋಡಿದರೆ ಸತ್ತ ಸಂಪರ್ಕವೊಂದು ಸತ್ತಿದೆ ಎಂದು ತಿಳಿಯಲು 7875 ಸೆಕೆಂಡ್, ಅಂದರೆ 2 ಗಂಟೆ 11 ನಿಮಿಷ 15 ಸೆಕೆಂಡ್ ಬೇಕು. ಈ ಹೆಸರುಗಳನ್ನು ಯಂತ್ರದಲ್ಲಿ ನಮೂದಿಸುವಾಗ ಇಂಗ್ಲಿಷಿನ ಸಣ್ಣಕ್ಷರಗಳಲ್ಲಿ, ನಡುವೆ ಅಡಿಗೆರೆಯೊಂದಿಗೆ ಟೈಪಿಸಬೇಕು.

ಎರಡು ಗಂಟೆ ಎಂಬ ಈ ಅಂಕಿ ಬಂದದ್ದು ಅಂತರ್ಜಾಲದ ನಿಯಮಗಳ ದಾಖಲೆಯಾದ 1989ರ ಆರ್‌ಎಫ್‌ಸಿ 1122ರಿಂದ. ಕೀಪ್‌ಅಲೈವ್ ಐಚ್ಛಿಕವಾಗಿರಬೇಕು, ಕೇಳದ ಹೊರತು ಆನ್ ಆಗಿರಬಾರದು, ಡೀಫಾಲ್ಟ್ ಅವಧಿ ಎರಡು ಗಂಟೆಗಿಂತ ಕಡಿಮೆ ಇರಬಾರದು ಎಂದು ಅದು ವಿಧಿಸಿತು. 2022ರ ಆರ್‌ಎಫ್‌ಸಿ 9293 ಕೂಡ ಈ ನಿಯಮವನ್ನು ಉಳಿಸಿಕೊಂಡಿದೆ. ಕ್ಷಣಿಕ ಅಡಚಣೆಯಿಂದಾಗಿ ಒಳ್ಳೆಯ ಸಂಪರ್ಕ ಕಡಿದುಹೋಗಬಾರದು, ಅನವಶ್ಯಕ ಸಂಚಾರ ಹೆಚ್ಚಬಾರದು ಎಂಬ ಕಾಳಜಿ ಅದರ ಹಿಂದಿದೆ. ಕಾಳಜಿ ಸರಿಯೇ, ಆದರೆ ಇಂದಿನ ಜಾಲಗಳಲ್ಲಿ ಆ ಎರಡು ಗಂಟೆ ಬಹುತೇಕ ಯಾವ ಉದ್ದೇಶಕ್ಕೂ ಒದಗುವುದಿಲ್ಲ.

ಮೊದಲ ಹೆಜ್ಜೆ: ದಾರಿಯನ್ನು ಅಳೆಯಿರಿ

ಯಾರೋ ಬಳಸಿದ ಸಂಖ್ಯೆಗಳನ್ನು ನಕಲು ಮಾಡಿಕೊಳ್ಳುವ ಮುನ್ನ, ನಿಮ್ಮ ಸರ್ವರ್‌ನಿಂದ ಕ್ಲೈಂಟ್‌ವರೆಗಿನ ದಾರಿಯಲ್ಲಿ ಸಂಪರ್ಕಗಳ ಲೆಕ್ಕ ಇಡುವ ಸಾಧನಗಳು ಯಾವುವು ಎಂದು ಪಟ್ಟಿ ಮಾಡಿರಿ. ವಿಳಾಸ ಬದಲಿಸುವ ಎನ್‌ಎಟಿ, ಫೈರ್‌ವಾಲ್, ಕೋರಿಕೆಗಳನ್ನು ಹಲವು ಸರ್ವರ್‌ಗಳಿಗೆ ಹಂಚುವ ಲೋಡ್ ಬ್ಯಾಲೆನ್ಸರ್ ಇವೆಲ್ಲವೂ ಮೌನವಾಗಿರುವ ಸಂಪರ್ಕವನ್ನು ಒಂದು ಅವಧಿಯ ನಂತರ ಮರೆತುಬಿಡುತ್ತವೆ. ಎನ್‌ಎಟಿ ಸಾಧನಗಳು ಕನಿಷ್ಠ 2 ಗಂಟೆ 4 ನಿಮಿಷ ಕಾಯಬೇಕೆಂದು 2008ರ ಆರ್‌ಎಫ್‌ಸಿ 5382 ಹೇಳುತ್ತದಾದರೂ, ವಾಸ್ತವ ಹಾಗಿಲ್ಲ. ಅಮೆಜಾನ್ ಕ್ಲೌಡ್‌ನ ಎನ್‌ಎಟಿ ಗೇಟ್‌ವೇಯ ಮಿತಿ 350 ಸೆಕೆಂಡ್. ಅಜೂರ್‌ನ ಲೋಡ್ ಬ್ಯಾಲೆನ್ಸರ್‌ನ ಡೀಫಾಲ್ಟ್ 4 ನಿಮಿಷ. ಗೂಗಲ್ ಕ್ಲೌಡ್‌ನ ಫೈರ್‌ವಾಲ್ 10 ನಿಮಿಷ. ಇವುಗಳ ಮುಂದೆ ಎರಡು ಗಂಟೆಯ ಶೋಧಕ ಹೊರಡುವ ಹೊತ್ತಿಗೆ ದಾರಿಯೇ ಅಳಿಸಿಹೋಗಿರುತ್ತದೆ. ನಿಮ್ಮ ಪಟ್ಟಿಯಲ್ಲಿರುವ ಅತ್ಯಂತ ಚಿಕ್ಕ ಅವಧಿಯೇ ಮುಂದಿನ ಲೆಕ್ಕಕ್ಕೆ ಆಧಾರ.

ಆ ಅವಧಿ 350 ಸೆಕೆಂಡ್ ಎಂದಿಟ್ಟುಕೊಳ್ಳೋಣ. ಮೌನದ ಅವಧಿಯನ್ನು 340ಕ್ಕೆ ಇಟ್ಟರೆ ಲೆಕ್ಕದಲ್ಲಿ ಸರಿಹೋಗುತ್ತದೆ, ಆದರೆ ದಾರಿಯಲ್ಲಿ ಒಂದೇ ಒಂದು ಶೋಧಕ ಕಳೆದುಹೋದರೂ ಮುಂದಿನದು ತಡವಾಗಿ ತಲುಪುತ್ತದೆ. ಆದ್ದರಿಂದ 200 ಸೆಕೆಂಡ್ ಮೌನ, 30 ಸೆಕೆಂಡ್ ಅಂತರ, 4 ಶೋಧಕಗಳು ಎಂದು ಇಡುವುದು ಒಳ್ಳೆಯದು: ನಾಲ್ಕೂ ಶೋಧಕಗಳು 290ನೇ ಸೆಕೆಂಡಿನೊಳಗೆ ಹೊರಟಿರುತ್ತವೆ, ಉತ್ತರ ಬಾರದಿದ್ದರೆ 320ನೇ ಸೆಕೆಂಡಿಗೆ ಸಂಪರ್ಕ ಮುಚ್ಚುತ್ತದೆ. ದಾರಿಯಲ್ಲಿ ಅಂಥ ಸಾಧನಗಳೇ ಇಲ್ಲದೆ, ಸತ್ತ ಸಂಪರ್ಕಗಳನ್ನು ಗುಡಿಸಿಹಾಕುವುದಷ್ಟೇ ಉದ್ದೇಶವಾಗಿದ್ದರೆ 600 ಸೆಕೆಂಡ್ ಕೂಡ ಸಾಕು. ಮೌನದ ಅವಧಿಯನ್ನು ಐದು ಹತ್ತು ಸೆಕೆಂಡಿಗೆ ಇಳಿಸುವ ಉತ್ಸಾಹ ಬೇಡ. ಕ್ಲೈಂಟ್‌ಗಳು ಮೊಬೈಲ್ ಫೋನ್‌ಗಳಾಗಿದ್ದರೆ ಪ್ರತಿ ಶೋಧಕವೂ ಅವುಗಳ ರೇಡಿಯೋವನ್ನು ಎಬ್ಬಿಸಿ ಬ್ಯಾಟರಿ ತಿನ್ನುತ್ತದೆ.

ಎರಡನೆಯ ಹೆಜ್ಜೆ: ವ್ಯವಸ್ಥೆಯ ಮಟ್ಟದಲ್ಲಿ ಹೊಂದಿಸುವುದು

ಈಗಿನ ಮೌಲ್ಯಗಳನ್ನು ಸಿಸ್‌ಸಿಟಿಎಲ್ ಆದೇಶಕ್ಕೆ ಸೆಟ್ಟಿಂಗ್‌ನ ಹೆಸರು ಕೊಟ್ಟು ಓದಿಕೊಳ್ಳಿರಿ. ಪ್ರತಿ ಹೆಸರಿನ ಮುಂದೆಯೂ ನೆಟ್.ಐಪಿವಿ4. ಎಂಬ ಪೂರ್ವಪದ ಸೇರಿಸಬೇಕು. ಹೆಸರಿನಲ್ಲಿ ಐಪಿವಿ4 ಎಂದಿದ್ದರೂ ಇವೇ ಮೌಲ್ಯಗಳು ಐಪಿವಿ6 ಸಂಪರ್ಕಗಳಿಗೂ ಅನ್ವಯಿಸುತ್ತವೆ. ಅದೇ ಆದೇಶಕ್ಕೆ ಡಬ್ಲ್ಯೂ ಆಯ್ಕೆ ಸೇರಿಸಿ ಬರೆದರೆ ಹೊಸ ಮೌಲ್ಯ ತಕ್ಷಣ ಜಾರಿಯಾಗುತ್ತದೆ, ಆದರೆ ಯಂತ್ರ ಮರುಚಾಲನೆಯಾದಾಗ ಅಳಿಸಿಹೋಗುತ್ತದೆ. ಶಾಶ್ವತವಾಗಿ ಉಳಿಯಬೇಕಾದರೆ ಇಟಿಸಿ ಕಡತಕೋಶದ ಒಳಗಿನ ಸಿಸ್‌ಸಿಟಿಎಲ್.ಡಿ ಎಂಬಲ್ಲಿ ಕಾನ್ಫ್ ವಿಸ್ತರಣೆಯ ಹೊಸ ಕಡತವೊಂದನ್ನು ರಚಿಸಿ, ಮೂರು ಸಾಲುಗಳಲ್ಲಿ ಮೂರು ಮೌಲ್ಯಗಳನ್ನು ಬರೆದು, ಸಿಸ್‌ಸಿಟಿಎಲ್ ಆದೇಶವನ್ನು ಸಿಸ್ಟಮ್ ಆಯ್ಕೆಯೊಂದಿಗೆ ಓಡಿಸಬೇಕು. ಈಗಾಗಲೇ ತೆರೆದಿರುವ ಸಂಪರ್ಕಗಳ ಟೈಮರ್ ಹಳೆಯ ಅವಧಿಗೇ ಓಡುತ್ತಿರುವುದರಿಂದ, ಬದಲಾವಣೆ ಬೇಗ ಕಾಣಬೇಕಾದರೆ ಸೇವೆಯನ್ನು ಮರುಚಾಲನೆ ಮಾಡಿರಿ.

ಕಂಟೇನರ್ (ಒಂದೇ ಯಂತ್ರದೊಳಗೆ ಪ್ರೋಗ್ರಾಮನ್ನು ಪ್ರತ್ಯೇಕಿಸಿ ಓಡಿಸುವ ಆವರಣ) ಬಳಸುವವರು ಗಮನಿಸಬೇಕಾದ್ದೊಂದಿದೆ. ಲಿನಕ್ಸ್ 4.5ರಿಂದ ಈ ಮೌಲ್ಯಗಳು ಪ್ರತಿ ನೆಟ್‌ವರ್ಕ್ ನೇಮ್‌ಸ್ಪೇಸ್‌ಗೂ (ಕಂಟೇನರ್‌ಗೆ ಸಿಗುವ ಸ್ವಂತ ಜಾಲ ಪರಿಸರ) ಪ್ರತ್ಯೇಕ. ಆತಿಥೇಯ ಯಂತ್ರದಲ್ಲಿ ಬದಲಿಸಿದ್ದು ಕಂಟೇನರ್ ಒಳಗೆ ಕಾಣುವುದಿಲ್ಲ. ಡಾಕರ್‌ನಲ್ಲಿ ಕಂಟೇನರ್ ಆರಂಭಿಸುವಾಗಲೇ ಸಿಸ್‌ಸಿಟಿಎಲ್ ಆಯ್ಕೆಯ ಮೂಲಕ ಕೊಡಬೇಕು.

ಮೂರನೆಯ ಹೆಜ್ಜೆ: ಅಪ್ಲಿಕೇಶನ್‌ನಲ್ಲಿ ಆನ್ ಮಾಡುವುದು

ಹೆಚ್ಚಿನವರು ಎಡವುವುದು ಇಲ್ಲಿಯೇ. ಮೇಲಿನ ಮೂರು ಮೌಲ್ಯಗಳನ್ನು ಎಷ್ಟೇ ಜಾಗ್ರತೆಯಿಂದ ಹೊಂದಿಸಿದರೂ, ಅಪ್ಲಿಕೇಶನ್ ತನ್ನ ಸಾಕೆಟ್ (ಸಂಪರ್ಕದಲ್ಲಿ ಪ್ರೋಗ್ರಾಮ್ ಹಿಡಿದಿರುವ ತುದಿ) ಮೇಲೆ ಎಸ್‌ಒ_ಕೀಪ್‌ಅಲೈವ್ ಆಯ್ಕೆಯನ್ನು ಆನ್ ಮಾಡದಿದ್ದರೆ ಲಿನಕ್ಸ್ ಒಂದು ಶೋಧಕವನ್ನೂ ಕಳುಹಿಸುವುದಿಲ್ಲ. ಸ್ವಂತ ಪ್ರೋಗ್ರಾಮ್ ಬರೆಯುವವರು ಈ ಆಯ್ಕೆಯ ಜೊತೆಗೆ ಟಿಸಿಪಿ_ಕೀಪ್‌ಐಡಲ್, ಟಿಸಿಪಿ_ಕೀಪ್‌ಇಂಟ್‌ವಿಎಲ್, ಟಿಸಿಪಿ_ಕೀಪ್‌ಸಿಎನ್‌ಟಿ ಎಂಬ ಮೂರನ್ನೂ ಸಾಕೆಟ್‌ಗೇ ಕೊಡಬಹುದು. ಹಾಗೆ ಕೊಟ್ಟರೆ ಅವು ವ್ಯವಸ್ಥೆಯ ಮೌಲ್ಯಗಳನ್ನು ಮೀರಿ ನಿಲ್ಲುತ್ತವೆ. ಒಂದೇ ಯಂತ್ರದಲ್ಲಿ ಹಲವು ಸೇವೆಗಳಿದ್ದರೆ ಇದೇ ಲೇಸಾದ ದಾರಿ, ಏಕೆಂದರೆ ಒಂದರ ಅಗತ್ಯ ಇನ್ನೊಂದಕ್ಕೆ ಹೊರೆಯಾಗುವುದಿಲ್ಲ.

ಸಿದ್ಧ ಸಾಫ್ಟ್‌ವೇರ್‌ಗಳು ಇದಕ್ಕೆ ತಮ್ಮದೇ ಸೆಟ್ಟಿಂಗ್ ಇಟ್ಟುಕೊಂಡಿವೆ. ಡೇಟಾಬೇಸ್ ಆದ ಪೋಸ್ಟ್‌ಗ್ರೆಸ್‌ನಲ್ಲಿ ಟಿಸಿಪಿ_ಕೀಪ್‌ಅಲೈವ್ಸ್_ಐಡಲ್ ಮತ್ತು ಅದರ ಇಬ್ಬರು ಜೊತೆಗಾರರಿದ್ದಾರೆ. ಅಲ್ಲಿ 0 ಎಂದರೆ ವ್ಯವಸ್ಥೆಯ ಮೌಲ್ಯವನ್ನೇ ಬಳಸು ಎಂದರ್ಥ. ರೆಡಿಸ್‌ನ ಟಿಸಿಪಿ-ಕೀಪ್‌ಅಲೈವ್ ಈಗ ಡೀಫಾಲ್ಟ್ ಆಗಿಯೇ 300 ಸೆಕೆಂಡ್. ವೆಬ್ ಸರ್ವರ್ ಆದ ಎಂಜಿನ್‌ಎಕ್ಸ್‌ನಲ್ಲಿ ಲಿಸನ್ ಸಾಲಿನಲ್ಲೇ ಎಸ್‌ಒ_ಕೀಪ್‌ಅಲೈವ್ ಎಂದು ಬರೆದು ಮೂರು ಮೌಲ್ಯಗಳನ್ನು ಅಪೂರ್ಣವಿರಾಮದ (:) ಚಿಹ್ನೆಯಿಂದ ಬೇರ್ಪಡಿಸಿ ಕೊಡಬೇಕು. ಅದೇ ಎಂಜಿನ್‌ಎಕ್ಸ್‌ನ ಕೀಪ್‌ಅಲೈವ್_ಟೈಮ್‌ಔಟ್ ಮಾತ್ರ ಸಂಪೂರ್ಣ ಬೇರೆ ಸಂಗತಿ: ಒಂದು ಎಚ್‌ಟಿಟಿಪಿ ಕೋರಿಕೆ ಮುಗಿದ ಮೇಲೆ ಮುಂದಿನದಕ್ಕಾಗಿ ಸಂಪರ್ಕವನ್ನು ಎಷ್ಟು ಹೊತ್ತು ತೆರೆದಿಡಬೇಕು ಎಂಬುದನ್ನು ಅದು ಹೇಳುತ್ತದೆ, ಶೋಧಕಗಳಿಗೂ ಅದಕ್ಕೂ ಸಂಬಂಧವಿಲ್ಲ.

ನಾಲ್ಕನೆಯ ಹೆಜ್ಜೆ: ಪರೀಕ್ಷೆ

ಸರ್ವರ್‌ನಲ್ಲಿ ಎಸ್‌ಎಸ್ ಆದೇಶವನ್ನು ಟಿ, ಎನ್, ಒ ಆಯ್ಕೆಗಳೊಂದಿಗೆ ಓಡಿಸಿರಿ. ಪ್ರತಿ ಸಂಪರ್ಕದ ಸಾಲಿನ ಕೊನೆಯಲ್ಲಿ ಟೈಮರ್ ಎಂಬ ಪದ, ಆವರಣದೊಳಗೆ ಕೀಪ್‌ಅಲೈವ್ ಎಂಬ ಹೆಸರು, ಉಳಿದಿರುವ ಸಮಯ, ಬಳಿಕ ಒಂದು ಅಂಕಿ ಕಾಣಬೇಕು. ಸುಮ್ಮನಿರುವ ಸಂಪರ್ಕದ ಸಾಲಿನಲ್ಲಿ ಆ ಭಾಗವೇ ಇಲ್ಲದಿದ್ದರೆ ಅಪ್ಲಿಕೇಶನ್ ಆಯ್ಕೆಯನ್ನು ಆನ್ ಮಾಡಿಲ್ಲವೆಂದೇ ತಿಳಿಯಿರಿ. ಕೊನೆಯ ಅಂಕಿ ಉತ್ತರ ಸಿಗದ ಶೋಧಕಗಳ ಎಣಿಕೆ. ಆರೋಗ್ಯವಾಗಿರುವ ಸಂಪರ್ಕದಲ್ಲಿ ಅದು 0.

ಸಾವನ್ನು ಪರೀಕ್ಷಿಸಲು ಕ್ಲೈಂಟ್ ಪ್ರೋಗ್ರಾಮನ್ನು ಕೊಂದರೆ ಪ್ರಯೋಜನವಿಲ್ಲ, ಏಕೆಂದರೆ ಆಗ ಕ್ಲೈಂಟ್‌ನ ಕರ್ನಲ್ ಶಿಸ್ತಾಗಿ ಮುಕ್ತಾಯದ ಪ್ಯಾಕೆಟ್ ಕಳುಹಿಸಿಬಿಡುತ್ತದೆ. ಅದರ ಬದಲು ಕ್ಲೈಂಟ್ ಯಂತ್ರದ ಐಪಿಟೇಬಲ್ಸ್‌ನಲ್ಲಿ (ಲಿನಕ್ಸ್‌ನ ಫೈರ್‌ವಾಲ್ ಆದೇಶ) ಸರ್ವರ್‌ನ ಆ ಪೋರ್ಟ್‌ನಿಂದ ಬರುವ ಪ್ಯಾಕೆಟ್‌ಗಳನ್ನು ಡ್ರಾಪ್ ಮಾಡುವ ನಿಯಮ ಹಾಕಿರಿ. ರಿಜೆಕ್ಟ್ ಬೇಡ, ಅದು ಉತ್ತರ ಕೊಡುತ್ತದೆ. ನೀವೇ ಎಸ್‌ಎಸ್‌ಎಚ್ ಮೂಲಕ ಒಳಹೊಕ್ಕಿದ್ದರೆ ನಿಯಮ ಆ ಒಂದು ಪೋರ್ಟ್‌ಗೆ ಮಾತ್ರ ಇರಲಿ. ಈಗ ಸರ್ವರ್‌ನಲ್ಲಿ ಎಸ್‌ಎಸ್ ಆದೇಶವನ್ನು ಮತ್ತೆ ಮತ್ತೆ ನೋಡುತ್ತಿದ್ದರೆ, 200 ಸೆಕೆಂಡ್ ಕಳೆದ ಮೇಲೆ ಕೊನೆಯ ಅಂಕಿ 1, 2, 3, 4 ಎಂದು 30 ಸೆಕೆಂಡಿಗೊಮ್ಮೆ ಏರಿ, ಬಳಿಕ ಆ ಸಾಲೇ ಮಾಯವಾಗುತ್ತದೆ.

ಕೀಪ್‌ಅಲೈವ್ ನೋಡದ ಎರಡು ಸ್ಥಿತಿಗಳು

ಶೋಧಕಕ್ಕೆ ಉತ್ತರಿಸುವುದು ಎದುರಿನ ಕರ್ನಲ್, ಅಲ್ಲಿನ ಅಪ್ಲಿಕೇಶನ್ ಅಲ್ಲ. ಪ್ರೋಗ್ರಾಮ್ ಒಂದೆಡೆ ಸಿಕ್ಕಿಹಾಕಿಕೊಂಡು ಏನೂ ಮಾಡದಿದ್ದರೂ ಉತ್ತರ ಬರುತ್ತಲೇ ಇರುತ್ತದೆ. ನಡುವೆ ಪ್ರಾಕ್ಸಿ (ಸಂಪರ್ಕವನ್ನು ತಾನೇ ಪಡೆದು ಮುಂದಕ್ಕೆ ದಾಟಿಸುವ ಮಧ್ಯವರ್ತಿ) ಇದ್ದರಂತೂ ಶೋಧಕ ಅಲ್ಲಿಗೇ ನಿಲ್ಲುತ್ತದೆ. ಅಂಥ ಕಡೆ ವೆಬ್‌ಸಾಕೆಟ್ ಅಥವಾ ಎಚ್‌ಟಿಟಿಪಿ/2 ಕೊಡುವ ಪಿಂಗ್, ಎಸ್‌ಎಸ್‌ಎಚ್‌ನ ಕ್ಲೈಂಟ್‌ಅಲೈವ್‌ಇಂಟರ್ವಲ್ ಮುಂತಾದ ಅಪ್ಲಿಕೇಶನ್ ಮಟ್ಟದ ಪರೀಕ್ಷೆಯೇ ಬೇಕು.

ಇನ್ನೊಂದು ಸ್ಥಿತಿ ಹೆಚ್ಚು ಮೋಸದ್ದು. ಸರ್ವರ್ ಕಳುಹಿಸಿದ ದತ್ತಾಂಶಕ್ಕೆ ಸ್ವೀಕೃತಿ ಬರುವುದು ಬಾಕಿ ಇರುವಾಗ ಎದುರಿನ ಯಂತ್ರ ಸತ್ತರೆ, ಲಿನಕ್ಸ್ ಕೀಪ್‌ಅಲೈವ್ ಶೋಧಕಗಳನ್ನು ಕಳುಹಿಸುವುದಿಲ್ಲ. ಅದೇ ದತ್ತಾಂಶವನ್ನು ಅಂತರ ಹೆಚ್ಚಿಸುತ್ತ ಮರುಪ್ರಸಾರ ಮಾಡುತ್ತದೆ. ಟಿಸಿಪಿ_ರಿಟ್ರೈಸ್2 ಎಂಬುದರ ಡೀಫಾಲ್ಟ್ 15 ಆಗಿರುವಾಗ ಈ ಪ್ರಯತ್ನ ಸುಮಾರು 15 ನಿಮಿಷ ಅಥವಾ ಅದಕ್ಕೂ ಹೆಚ್ಚು ನಡೆಯುತ್ತದೆ, ನೀವು ಲೆಕ್ಕ ಹಾಕಿಟ್ಟ 320 ಸೆಕೆಂಡ್ ಇಲ್ಲಿ ನಡೆಯುವುದಿಲ್ಲ. ಈ ಕೊರತೆಯನ್ನು ತುಂಬಲು ಸಾಕೆಟ್ ಮೇಲೆ ಟಿಸಿಪಿ_ಯೂಸರ್_ಟೈಮ್‌ಔಟ್ ಆಯ್ಕೆಯನ್ನು ಹೊಂದಿಸಬೇಕು. ಅದರ ಮೌಲ್ಯ ಮಿಲಿಸೆಕೆಂಡ್‌ಗಳಲ್ಲಿ ಇರುತ್ತದೆ, ಹೊಂದಿಸಿದ ಮೇಲೆ ಕೀಪ್‌ಅಲೈವ್‌ನಲ್ಲಿ ಸಂಪರ್ಕ ಮುಚ್ಚುವ ಗಳಿಗೆಯನ್ನೂ ಶೋಧಕಗಳ ಎಣಿಕೆಯ ಬದಲು ಇದೇ ನಿರ್ಧರಿಸುತ್ತದೆ. ಆದ್ದರಿಂದ ನಮ್ಮ ಉದಾಹರಣೆಯಲ್ಲಿ 320000 ಎಂದು ಕೊಟ್ಟರೆ ಎರಡೂ ಲೆಕ್ಕಗಳು ಹೊಂದಿಕೊಳ್ಳುತ್ತವೆ.