ವಿಂಡೋಸ್ ಮತ್ತೆ ಹಾಕಿಸಿದ ಮೇಲೆ ಹಳೇ ಫೋಲ್ಡರ್ ತೆರೆಯದಿದ್ದರೆ

ವಿಂಡೋಸ್ ಹೊಸದಾಗಿ ಹಾಕಿಸಿದ ಮೇಲೆ ಹಳೇ ಫೋಲ್ಡರ್ ‘ಆಕ್ಸೆಸ್ ಡಿನೈಡ್’ ಅಂದರೆ ರೈಟ್ ಕ್ಲಿಕ್ ಮಾಡಿ, ಪ್ರಾಪರ್ಟೀಸ್, ಸೆಕ್ಯುರಿಟಿ, ಅಡ್ವಾನ್ಸ್‌ಡ್‌ಗೆ ಹೋಗಿ, ಓನರ್ ಪಕ್ಕದ ಚೇಂಜ್ ಒತ್ತಿ ಈಗಿನ ಯೂಸರ್ ಹೆಸರು ಕೊಡಿ, ಅದರ ಕೆಳಗೆ ಬರುವ ‘ರಿಪ್ಲೇಸ್ ಓನರ್’ ಟಿಕ್ ಮಾಡಿ. ಆಗಲೂ ತೆರೆಯದಿದ್ದರೆ ಅಲ್ಲೇ ಆ ಯೂಸರ್‌ಗೆ ಫುಲ್ ಕಂಟ್ರೋಲ್ (ಪೂರ್ತಿ ಅನುಮತಿ) ಕೊಡಿ. ಫೈಲ್ ಎಲ್ಲೂ ಹೋಗಿರುವುದಿಲ್ಲ, ಗಾಬರಿ ಬೇಡ. ಹೆಸರು ಅದೇ ಇದ್ದರೂ ಹೊಸ ವಿಂಡೋಸ್ ನಿಮಗೆ ಬೇರೆ ಐಡಿ ಕೊಟ್ಟಿರುತ್ತದೆ, ಫೋಲ್ಡರ್ ಇನ್ನೂ ಹಳೇ ಐಡಿಯ ಹೆಸರಲ್ಲೇ ಇರುತ್ತದೆ, ಅಷ್ಟೇ. ಮೈಸೂರು, ಮಂಡ್ಯದ ಅಂಗಡಿಗಳಲ್ಲಿ ಹಾಕಿಸಿದವರು ಸಿ ಡ್ರೈವ್‌ನಲ್ಲಿ ‘ವಿಂಡೋಸ್.ಓಲ್ಡ್’ (ಹಳೇ ವಿಂಡೋಸ್‌ನ ಫೈಲ್‌ಗಳಿರುವ ಫೋಲ್ಡರ್) ಇದೆಯಾ ಅಂತ ಬೇಗ ನೋಡಿ, ಸಾಮಾನ್ಯವಾಗಿ 10 ದಿನ ಆದಮೇಲೆ ಅದು ತಾನೇ ಅಳಿಸಿಹೋಗುತ್ತದೆ. ಆದರೆ ಫೈಲ್ ಎನ್‌ಕ್ರಿಪ್ಟ್ (ಕೀ ಇಲ್ಲದೆ ಓದಲಾಗದಂತೆ ಲಾಕ್) ಆಗಿದ್ದರೆ ಈ ಉಪಾಯ ನಡೆಯಲ್ಲ, ಹಳೇ ಸರ್ಟಿಫಿಕೇಟ್ (ಆ ಲಾಕ್ ತೆರೆಯುವ ಕೀ ಇರುವ ಫೈಲ್) ಬೇಕೇ ಬೇಕು. ಬಿಟ್‌ಲಾಕರ್ (ಇಡೀ ಡ್ರೈವ್ ಲಾಕ್ ಮಾಡುವ ವಿಂಡೋಸ್ ಸೌಲಭ್ಯ) ಹಾಕಿದ್ದರೆ 48 ಅಂಕಿಯ ರಿಕವರಿ ಕೀ ಬೇಕು, ಅದು ನಿಮ್ಮ ಮೈಕ್ರೋಸಾಫ್ಟ್ ಅಕೌಂಟ್‌ನಲ್ಲಿ ಇರಬಹುದು, ನೋಡಿ.