ಒಂದು ಸ್ಟ್ರಾಂಗ್ ಬಿಯರ್‌ಗೆ ಲೇಬಲ್ ಮಾಡಿದ್ದು: ನನ್ನ ಅನುಭವ

ನಾನು ಪ್ಯಾಕೇಜಿಂಗ್ ಡಿಸೈನರ್. ಉಪ್ಪಿನಕಾಯಿ ಬಾಟ್ಲಿ, ಅಗರಬತ್ತಿ ಡಬ್ಬಿ, ಕೊಬ್ಬರಿ ಎಣ್ಣೆ ಅಂತ ಮಾಡ್ಕೊಂಡಿದ್ದವ್ನಿಗೆ 2019ರಲ್ಲಿ ಒಂದು ಸ್ಟ್ರಾಂಗ್ ಬಿಯರ್ ಕೆಲಸ ಬಂತು. ಬ್ರ್ಯಾಂಡ್ ಹೆಸರು ಬೇಡ ಬಿಡಿ, ಚಿಕ್ಕ ಕಂಪನಿ, ನಮ್ಮ ರಾಜ್ಯದಲ್ಲಿ ಮಾತ್ರ ಮಾರಾಟ. ಓನರ್ ಮೊದಲನೇ ಮೀಟಿಂಗಲ್ಲೇ "ಹೆಸರಲ್ಲಿ ಪವರ್ ಅಂತ ಇರ್ಬೇಕು ಕಣ್ರೀ, ನೋಡಿದ ತಕ್ಷಣ ಕಿಕ್ ಗೊತ್ತಾಗ್ಬೇಕು" ಅಂದ್ರು.

ಅವತ್ತು ರಾತ್ರಿ ಕೂತು ಓದ್ತಾ ಅಮೆರಿಕದ ಮಾಲ್ಟ್ ಲಿಕರ್ ಕಥೆಗೆ ಬಂದೆ, ಅದು ನಮ್ಮ ಸ್ಟ್ರಾಂಗ್ ಬಿಯರ್‌ಗೆ ದೊಡ್ಡಪ್ಪನ ಮಗ ಇದ್ದಂಗೆ. 1991ರಲ್ಲಿ ಹೈಲ್‌ಮನ್ ಅನ್ನೋ ಕಂಪನಿ ಪವರ್‌ಮಾಸ್ಟರ್ ಅಂತ ಒಂದು ತಂದ್ರು, 5.9% ಆಲ್ಕೋಹಾಲ್, ಕಪ್ಪು ಜನರ ಏರಿಯಾಗಳನ್ನೇ ಗುರಿ ಇಟ್ಕೊಂಡು ಮಾರ್ತಿದಾರೆ ಅಂತ ದೊಡ್ಡ ಗಲಾಟೆ ಆಯ್ತು, ಕೊನೆಗೆ ಅಲ್ಲಿನ ಕೇಂದ್ರ ಸರ್ಕಾರದ ಇಲಾಖೆ ಲೇಬಲ್ ಒಪ್ಪಿಗೇನೇ ವಾಪಸ್ ತಗೊಂಡ್ತು. ಕಾರಣ ಆ 'ಪವರ್' ಅನ್ನೋ ಪದ. ಬಿಯರ್ ಲೇಬಲ್ ಮೇಲೆ ಎಷ್ಟು ಸ್ಟ್ರಾಂಗ್ ಅಂತ ಹೇಳ್ಕೋಬಾರ್ದು ಅಂತ ಅಲ್ಲಿ 1935ರಿಂದ ಕಾನೂನಿತ್ತು, 1995ರಲ್ಲಿ ಕೂರ್ಸ್ ಕಂಪನಿ ಕೇಸಲ್ಲಿ ಪರ್ಸೆಂಟ್ ಹಾಕಬಾರ್ದು ಅನ್ನೋದನ್ನ ಸುಪ್ರೀಂ ಕೋರ್ಟ್ ತೆಗೆದುಹಾಕ್ತು. ನಮ್ಮಲ್ಲಿ ಪೂರ್ತಿ ಉಲ್ಟಾ, ಪರ್ಸೆಂಟ್ ಹಾಕಲೇಬೇಕು, 5 ದಾಟಿ 8ರವರೆಗೆ ಇದ್ರೆ ಸ್ಟ್ರಾಂಗ್. "ಸಾರ್, ಕೂಗೋ ಕೆಲಸ ಕಾನೂನೇ ಮಾಡ್ತಿದೆ, ಹೆಸರಲ್ಲಿ ಯಾಕೆ ಮತ್ತೆ" ಅಂದೆ. ಒಪ್ಪಿದ್ರು, ಆದ್ರೆ ಮುಖ ಸಪ್ಪಗಾಯ್ತು.

ಮಾರ್ಕೆಟಿಂಗ್ ಅಂತ ಬಂದಾಗ ನಿಜವಾಗ್ಲೂ ಕೈ ಕಟ್ಟಿದಂಗೆ. ಟಿವಿಯಲ್ಲಿ ಹೆಂಡದ ಜಾಹೀರಾತು ಹಾಕಂಗಿಲ್ಲ, ದೊಡ್ಡವ್ರು ಅದೇ ಬ್ರ್ಯಾಂಡ್ ಹೆಸರಲ್ಲಿ ಸೋಡಾ, ನೀರು, ಕ್ಯಾಲೆಂಡರ್ ಅಂತ ಜಾಹೀರಾತು ಹಾಕಿ ಹಿಂಬಾಗಿಲಿಂದ ಬರ್ತಿದ್ರು (2022ರ ಜೂನಲ್ಲಿ ಗ್ರಾಹಕ ಪ್ರಾಧಿಕಾರದ ಮಾರ್ಗಸೂಚಿ ಬಂದು ಅದಕ್ಕೂ ಬೇಡ ಅಂದ್ರು), ನಮ್ಮ ಓನರ್ ಹತ್ರ ಅದಕ್ಕೆಲ್ಲ ದುಡ್ಡೂ ಇರ್ಲಿಲ್ಲ. ಹೋಲ್‌ಸೇಲ್ ಪೂರ್ತಿ 2003ರಿಂದ ಸರ್ಕಾರದ ಪಾನೀಯ ನಿಗಮದ ಕೈಲಿ, ಕೆಎಸ್‌ಬಿಸಿಎಲ್, ಅಂಗಡಿಯವ್ರು ಅದರ ಡಿಪೋಗೆ ಇಂಡೆಂಟ್, ಅಂದ್ರೆ ಆರ್ಡರ್, ಹಾಕಿದ್ರೆ ಮಾತ್ರ ಮಾಲು ಹೋಗತ್ತೆ. ಅಂಗಡಿಯವ್ನು ಇಂಡೆಂಟ್ ಹಾಕ್ಬೇಕು ಅಂದ್ರೆ ಗಿರಾಕಿ ಬಾಯ್ಬಿಟ್ಟು ಕೇಳ್ಬೇಕು. ಅಂದ್ರೆ ನಮ್ಮ ಜಾಹೀರಾತು ಅಂದ್ರೆ ಆ ಅಂಗೈಯಗಲ ಕಾಗದ ಒಂದೇ.

ಹಂಗಾಗಿ ಕಂಪ್ಯೂಟರ್ ಮುಚ್ಚಿಟ್ಟು ಹದಿನೈದು ದಿನ ಸಾಯಂಕಾಲ ಸಿಎಲ್-2 ಅಂಗಡಿಗಳ (ಬಾಟ್ಲಿ ಕೊಂಡು ಹೋಗೋ ಮದ್ಯದಂಗಡಿ) ಮುಂದೆ ನಿಂತೆ. (ಎದುರುಮನೆಯವ್ರು ನೋಡಿ ನನ್ನ ಹೆಂಡ್ತಿಗೆ ಹೇಳಿ ಆದ ರಗಳೆ ಬೇರೆ.) ಕಬ್ಬಿಣದ ಗ್ರಿಲ್, ಅದರ ಹಿಂದೆ ಹುಡುಗ, ಹುಡುಗನ ಹಿಂದೆ ಮಂಜು ಹಿಡಿದ ಫ್ರಿಡ್ಜ್ ಗಾಜು. ಯಾರೂ ಬಾಟ್ಲಿ ಕೈಗೆ ತಗೊಂಡು ಓದಲ್ಲ. "ಅಣ್ಣಾ, ಆ ಕೆಂಪುದು ಕೊಡು, ಕೋಲ್ಡ್ ಇರೋದು" ಅಂತಾರೆ, ಅರ್ಧ ಜನಕ್ಕೆ ಬ್ರ್ಯಾಂಡ್ ಹೆಸರು ಬಾಯಲ್ಲಿ ತಿರುಗಲ್ಲ, ಬಣ್ಣ ಇಲ್ಲಾ ಚಿತ್ರ ತೋರ್ಸಿ ಕೇಳ್ತಾರೆ. ನಾನು ಅಲ್ಲೀವರೆಗೆ ಮಾಡಿದ್ದ ಡಿಸೈನಲ್ಲಿ ಬಾರ್ಲಿ ತೆನೆ, ಸಣ್ಣ ಸಣ್ಣ ಬಳ್ಳಿ, ಅದೇನೋ ಲಾಂಛನ ಎಲ್ಲಾ ಇತ್ತು, ಗ್ರಿಲ್ ಆಚೆಯಿಂದ ನೋಡಿದ್ರೆ ಕೊಳೆ ಮೆತ್ತಿದಂಗೆ ಕಾಣೋದು. ಎಲ್ಲಾ ಅಳಿಸಿ ಕಡುನೀಲಿ ಮೇಲೆ ಒಂದು ಅಡ್ಡ ಹಳದಿ ಪಟ್ಟೆ ಎಳೆದೆ, ಅಷ್ಟೇ. ಓನರ್‌ಗೆ "ಇದಕ್ಕೆ ಇಷ್ಟು ಫೀಸಾ" ಅನ್ನಿಸಿರ್ಬೇಕು.

ಅವರಿಗೆ ಬಾಟ್ಲಿ ಕುತ್ತಿಗೆಗೊಂದು ಬಂಗಾರದ ಬಣ್ಣದ ಫಾಯಿಲ್ ಬೇಕಿತ್ತು, ರಿಚ್ ಲುಕ್ ಅಂತ. ಅದನ್ನ ತಡೆದವ್ರು ಬಾಟ್ಲಿಂಗ್ ಸೂಪರ್‌ವೈಸರ್, ವಯಸ್ಸಾದವ್ರು. ನಮ್ದು 650 ಎಂಎಲ್ ಕಂದು ಬಾಟ್ಲಿ, ಗುಜರಿಯಿಂದ ವಾಪಸ್ ಬರೋದು, ಅದನ್ನ ಬಿಸಿ ಕಾಸ್ಟಿಕ್ ಸೋಡಾದಲ್ಲಿ ತೊಳೀತಾರೆ. "ಫಾಯಿಲ್ ಅಂದ್ರೆ ಅಲ್ಯೂಮಿನಿಯಂ ಕಣಪ್ಪಾ, ಕಾಸ್ಟಿಕ್ ತಿನ್ನತ್ತೆ, ಹೈಡ್ರೋಜನ್ ಗ್ಯಾಸ್ ಬಿಡತ್ತೆ, ನೀನು ಚಂದ ಮಾಡಿ ಹೋಗ್ತೀಯ, ಇಲ್ಲಿ ನಿಂತ್ಕೊಳೋನು ನಾನು" ಅಂದ್ರು. ಲೇಬಲ್ ಕಾಗದದ ಪಾಠಾನೂ ಅವ್ರೇ ಹೇಳಿದ್ದು: ಐಸ್ ನೀರಲ್ಲಿ ಗಂಟೆಗಟ್ಟಲೆ ಇದ್ರೂ ಜಾರ್ಬಾರ್ದು, ಕಾಸ್ಟಿಕ್‌ಗೆ ಬಿದ್ರೆ ಒಂದೇ ಹಾಳೆಯಾಗಿ ಬಿಟ್ಕೋಬೇಕು, ಮುದ್ದೆಯಾದ್ರೆ ಮೆಷಿನ್ ಕಟ್ಕೊಳತ್ತೆ. ನಾನು ಕೇಳ್ದೆ, ತಲೆ ಆಡಿಸ್ದೆ, ಆಮೇಲೆ ಪ್ರಿಂಟರ್ ಕಡಿಮೆ ರೇಟ್ ಹೇಳಿದ ಅಂತ ಮಾಮೂಲಿ ಆರ್ಟ್ ಪೇಪರಲ್ಲೇ ಮೊದಲ ಲಾಟ್ ಹೊಡೆಸ್ದೆ. ಒಂದು ಬಾರಲ್ಲಿ ಐಸ್ ಟಬ್ಬಿಗೆ ಹಾಕಿದ್ ಅರ್ಧ ಗಂಟೆಗೆ ಬಾಟ್ಲಿಗಳು ಬೆತ್ತಲೆ, ಲೇಬಲ್‌ಗಳು ನೀರ ಮೇಲೆ ತೇಲ್ತಾ ಇದ್ವು, ಸಪ್ಲೈಯರ್ ಹುಡುಗ ಫೋಟೋ ತೆಗೆದು ಓನರ್‌ಗೇ ಕಳಿಸಿದ್ದ. ಆ ಲಾಟಿನ ಅರ್ಧ ದುಡ್ಡು ನನ್ನ ಫೀಸಲ್ಲಿ ಹೋಯ್ತು. ಎರಡನೇ ಸಲ ನೀರು ತಡೆಯೋ ಮೆಟಲೈಸ್ಡ್ ಪೇಪರ್ (ಫಾಯಿಲ್ ಅಲ್ಲ, ಕಾಗದದ ಮೇಲೆ ತೀರಾ ತೆಳು ಲೋಹದ ಲೇಪ ಅಷ್ಟೇ), ನಾನೇ ಮನೇಲಿ ಬಕೆಟ್‌ಗೆ ಐಸ್ ಹಾಕಿ ರಾತ್ರಿಯೆಲ್ಲ ಇಟ್ಟು ನೋಡಿ ಓಕೆ ಮಾಡಿದ್ದು.

ಇನ್ನೊಂದು ತಲೆನೋವು ಎಚ್ಚರಿಕೆ ಸಾಲು. 2019ರ ಏಪ್ರಿಲ್ 1ರಿಂದ ಆಹಾರ ಸುರಕ್ಷತಾ ಪ್ರಾಧಿಕಾರದ ಹೊಸ ನಿಯಮ, ನಮ್ಮ ಸೈಜ್ ಬಾಟ್ಲಿಗೆ ಅಕ್ಷರ ಕನಿಷ್ಠ 3 ಮಿಲಿಮೀಟರ್ ಎತ್ತರ ಇರ್ಬೇಕು. ಇಂಗ್ಲಿಷಲ್ಲಿ ಅಳೆಯೋದು ಸುಲಭ, ಎಲ್ಲಾ ಕ್ಯಾಪಿಟಲ್, ಸ್ಕೇಲ್ ಇಟ್ರೆ ಮುಗೀತು. ಕನ್ನಡದಲ್ಲಿ 'ಆರೋಗ್ಯಕ್ಕೆ' ಅಂತ ಬರೀರಿ ನೋಡಣ, ಒತ್ತಕ್ಷರ ಕೆಳಗೆ ಇಳಿಯತ್ತೆ, ಒತ್ತು ಸೇರಿಸಿ 3 ಮಿಲಿಮೀಟರಾ ಬಿಟ್ಟಾ? ನಾನು ಬಿಟ್ಟೇ ಅಳೆದೆ, ಸೇಫ್ ಆಗಿರ್ಲಿ ಅಂತ. ಆಗ ಸಾಲು ಉದ್ದ ಆಯ್ತು, ಮೇಲಾಗಿ ಹೊಳೆಯೋ ಕಾಗದದ ಮೇಲೆ ನೀಲಿ ಒಳಗೆ ಬಿಳಿ ಅಕ್ಷರ ಬಿಟ್ರೆ ಒತ್ತುಗಳ ಹೊಟ್ಟೆಯೊಳಗೆ ಇಂಕು ತುಂಬ್ಕೊಂಡು ಸೊಳ್ಳೆ ಹೊಡೆದಂಗೆ ಕಾಣೋದು. ಕೊನೆಗೆ ಎಚ್ಚರಿಕೇನ ತಂದು ಹಳದಿ ಪಟ್ಟೆ ಒಳಗೇ ಕಪ್ಪಲ್ಲಿ ಇಟ್ಟೆ. ಬೇರೆ ಬ್ರ್ಯಾಂಡಿನವ್ರು ಅದನ್ನ ಹಿಂದೆ ಮೂಲೆಗೆ ತಳ್ಳಿರ್ತಾರೆ, ನಮ್ದರಲ್ಲಿ ಮುಂದೇನೇ ಇದೆ, ಓನರ್‌ಗೆ ಇವತ್ತಿಗೂ ಅದೊಂದು ಬೇಜಾರು.

ಅಂಗಡಿಗೆ ಬಂದ್ಮೇಲೆ ನಾವಿಟ್ಟ ಹೆಸರು ಯಾರೂ ಹೇಳ್ಲಿಲ್ಲ. ಎರಡು ತಿಂಗಳಿಗೆ "ಪಟ್ಟೆ ಸ್ಟ್ರಾಂಗ್" ಅಂತ ಆಯ್ತು. ಒಂದಿನ ಗ್ರಿಲ್ ಹತ್ರ ನಿಂತಿದ್ದಾಗ ಕಿವಿಯಾರೆ ಕೇಳ್ದೆ, "ಎರಡು ಪಟ್ಟೆ ಕೊಡಣ್ಣಾ". ಓನರ್ ತಕ್ಷಣ ಹೆಸರನ್ನೇ ಹಂಗೆ ಬದಲಾಯಿಸಣ ಅಂತ ಕುಣಿದ್ರು, ನಾನು ಬೇಡ ಅಂದೆ, ಹೆಸರು ಬದಲಾದ್ರೆ ಅಬಕಾರಿ ಇಲಾಖೆಯಲ್ಲಿ ಲೇಬಲ್ ಒಪ್ಪಿಗೆ ಮೊದಲಿಂದ ಶುರು. ಹೆಂಗಿದ್ರೂ ಅಬಕಾರಿ ವರ್ಷ ಜುಲೈಗೆ ಹೊಸದು, ಪ್ರತಿ ಜೂನಲ್ಲಿ ರಿನ್ಯೂವಲ್ ಓಡಾಟ ಇದ್ದೇ ಇದೆ. ಅದರ ಮಧ್ಯೆ ಟ್ಯಾಕ್ಸ್ ಏರಿದ್ರೆ ಎಂಆರ್‌ಪಿ ಬದಲು, ಪ್ರಿಂಟ್ ಆಗಿರೋ ಲೇಬಲ್ ರದ್ದಿಗೆ. ಈಗ ಆ ಜಾಗ ಖಾಲಿ ಬಿಟ್ಟಿದೀನಿ, ಬಾಟ್ಲಿಂಗ್ ಲೈನಲ್ಲೇ ಇಂಕ್‌ಜೆಟ್‌ನಲ್ಲಿ ರೇಟ್ ಹೊಡ್ಕೋತಾರೆ.