ಸಂವೇದಕವೊಂದರ ರೇಡಿಯೊ ಸಂಕೇತವನ್ನು ಓದಿದ ಬಗೆ: ನನ್ನ ಅನುಭವ

ಹೊರಗಿಟ್ಟ ಉಷ್ಣತಾ ಸಂವೇದಕವೊಂದು ಒಳಗಿನ ಪರದೆಗೆ 433.92 ಮೆಗಾಹರ್ಟ್ಸ್‌ನಲ್ಲಿ ಕಳುಹಿಸುವ ಸಂಕೇತವನ್ನು ಕಣ್ಣಾರೆ ಕಂಡು, ಬಿಟ್ ಬಿಟ್ಟಾಗಿ ಓದಬೇಕೆಂಬುದು ನನ್ನ ಬಹುದಿನಗಳ ಆಸೆಯಾಗಿತ್ತು. ಅದಕ್ಕಾಗಿ ಒಂದು ಆರ್‌ಟಿಎಲ್-ಎಸ್‌ಡಿಆರ್ ಡಾಂಗಲ್ಲನ್ನೂ (ಕಂಪ್ಯೂಟರಿಗೆ ಚುಚ್ಚುವ ಪುಟ್ಟ ರೇಡಿಯೊ ರಿಸೀವರ್) ಇನ್‌ಸ್ಪೆಕ್ಟ್ರಮ್ ಎಂಬ ಮುಕ್ತ ತಂತ್ರಾಂಶವನ್ನೂ ಬಳಸಿದೆ. ದಾಖಲಿಸಿಟ್ಟ ಕಡತವನ್ನು ತೆರೆದು, ಕಾಲವನ್ನು ಅಡ್ಡಲಾಗಿಯೂ ಆವರ್ತನವನ್ನು ಲಂಬವಾಗಿಯೂ ಹರಡಿ ತೋರಿಸುವುದು ಈ ತಂತ್ರಾಂಶದ ಕೆಲಸ.

ಹಲವು ರಿಸೀವರ್‌ಗಳಲ್ಲಿ, ದಾಖಲಾಗುವ ಆವರ್ತನ ಪಟ್ಟಿಯ ನಟ್ಟನಡುವೆ ಡಿಸಿ ಅಂಶದ (ರಿಸೀವರೇ ಹುಟ್ಟಿಸುವ ಸ್ಥಿರ ವೋಲ್ಟೇಜಿನ) ಗೆರೆಯೊಂದು ಸದಾ ಹೊಳೆಯುತ್ತಿರುತ್ತದೆ. ಸಂಕೇತ ಅದರಡಿ ಮುಚ್ಚಿಹೋಗದಿರಲೆಂದು 433.70ಕ್ಕೆ ಟ್ಯೂನ್ ಮಾಡಿ, ಸೆಕೆಂಡಿಗೆ 10 ಲಕ್ಷ ಸ್ಯಾಂಪಲ್‌ಗಳಂತೆ (ಅಂದರೆ ಸಂಕೇತದ ಅಷ್ಟು ಅಳತೆಗಳಂತೆ) ಒಂದು ನಿಮಿಷ ದಾಖಲಿಸಿದೆ. ಕಡತ ತೆರೆದಾಗ ಕಂಡದ್ದು ಬರೀ ಗದ್ದಲ. ಆಂಟೆನಾವನ್ನು ಅನುಮಾನಿಸುತ್ತಾ ಬಹಳ ಹೊತ್ತು ಕಳೆದ ಮೇಲೆ, 60 ಸೆಕೆಂಡಿನ ದಾಖಲೆ 15 ಸೆಕೆಂಡಿಗೇ ಮುಗಿಯುತ್ತಿರುವುದು ಗಮನಕ್ಕೆ ಬಂತು. ಡಾಂಗಲ್ ಪ್ರತಿ ಸ್ಯಾಂಪಲ್‌ಗೆ ಎರಡು ಬೈಟ್ ಬರೆದಿದ್ದರೆ, ತಂತ್ರಾಂಶ ಅದನ್ನು ಎಂಟು ಬೈಟ್‌ಗಳ ಫ್ಲೋಟ್ (ದಶಮಾಂಶ ಸಂಖ್ಯೆ) ಜೋಡಿಯೆಂದು ಓದುತ್ತಿತ್ತು. ಕಡತದ ಹೆಸರಿನ ಕೊನೆಯನ್ನು, ಎರಡು ಬೈಟ್‌ಗಳ ಸ್ಯಾಂಪಲ್ ಎಂದು ಸೂಚಿಸುವ ‘ಸಿಯು8’ ಎಂದು ಬದಲಿಸಿದೊಡನೆ ಚಿತ್ರ ಸ್ಪಷ್ಟವಾಯಿತು.

ಎಫ್‌ಎಫ್‌ಟಿ ಎಂದರೆ ಸಂಕೇತದ ಒಂದು ತುಣುಕಿನಲ್ಲಿ ಯಾವ ಆವರ್ತನಗಳಿವೆ ಎಂದು ಬಿಡಿಸಿ ತೋರಿಸುವ ಲೆಕ್ಕ; ಆ ತುಣುಕಿನಲ್ಲಿ ಎಷ್ಟು ಸ್ಯಾಂಪಲ್‌ಗಳಿರಬೇಕೆಂಬ ಗಾತ್ರವನ್ನು ಆರಿಸುವುದೇ ಈ ಕೆಲಸದ ತಿರುಳು ಎಂದು ನನಗೆ ಮನವರಿಕೆಯಾದದ್ದು ಅನಂತರ. 4096ರ ಗಾತ್ರದಲ್ಲಿ ಆವರ್ತನದ ಪ್ರತಿ ಮನೆ ಸುಮಾರು 244 ಹರ್ಟ್ಸ್ ಅಗಲವಿದ್ದು, ಸಂಕೇತ ಎಲ್ಲಿದೆ ಎಂಬುದು ಕೂದಲೆಳೆಯಷ್ಟು ನಿಖರವಾಗಿ ಕಾಣುತ್ತಿತ್ತು. ಆದರೆ ಒಂದೊಂದು ಲೆಕ್ಕಕ್ಕೂ 4.096 ಮಿಲಿಸೆಕೆಂಡಿನ ತುಣುಕು ಬೇಕಾದ್ದರಿಂದ, ಅರ್ಧ ಮಿಲಿಸೆಕೆಂಡಿನ ಸ್ಪಂದಗಳೆಲ್ಲ ಒಂದಕ್ಕೊಂದು ಬೆರೆತು ಒಂದೇ ಪಟ್ಟೆಯಾಗಿದ್ದವು. ಗಾತ್ರವನ್ನು 256ಕ್ಕೆ ಇಳಿಸಿದಾಗ ತುಣುಕು 0.256 ಮಿಲಿಸೆಕೆಂಡಿಗೆ ಕುಗ್ಗಿತು, ಪಟ್ಟೆ ದಪ್ಪವಾಯಿತು, ಅದರೊಳಗಿನಿಂದ ಸ್ಪಂದಗಳು ಮಣಿಗಳಂತೆ ಬಿಡಿಬಿಡಿಯಾಗಿ ಹೊರಬಂದವು. ಕಾಲದ ನಿಖರತೆ ಮತ್ತು ಆವರ್ತನದ ನಿಖರತೆ ಒಟ್ಟಿಗೆ ದಕ್ಕುವುದಿಲ್ಲವೆಂದು ಭೌತವಿಜ್ಞಾನಿ ಡೆನ್ನಿಸ್ ಗಾಬರ್ 1946ರಲ್ಲೇ ಗಣಿತದಿಂದ ತೋರಿಸಿದ್ದರು. ಅದನ್ನು ನನ್ನ ಕೈಯಾರೆ ಒಂದು ಸ್ಲೈಡರ್ ಎಳೆದು ಕಂಡ ಆ ಗಳಿಗೆ ನನಗೆ ಇಂದಿಗೂ ಅಮೂಲ್ಯ.

ಮುಂದಿನದು ತಾಳ್ಮೆಯ ಕೆಲಸ. ಆಂಪ್ಲಿಟ್ಯೂಡ್ ಪ್ಲಾಟ್ (ಸಂಕೇತದ ಬಲದ ಏರಿಳಿತದ ನಕ್ಷೆ) ಸೇರಿಸಿ, ಕರ್ಸರ್‌ಗಳ ಗೆರೆಗಳ ನಡುವಿನ ಪ್ರತಿ ಮನೆಯನ್ನು 500 ಮೈಕ್ರೊಸೆಕೆಂಡಿಗೆ ಹೊಂದಿಸಿದಾಗ ಎಲ್ಲ ಅಂಚುಗಳೂ ಗೆರೆಗಳ ಮೇಲೆ ಕೂತವು. ಸ್ಪಂದಗಳ ಉದ್ದ ಒಂದೇ ಇತ್ತು. ವ್ಯತ್ಯಾಸವಿದ್ದದ್ದು ನಡುವಿನ ಅಂತರದಲ್ಲಿ. ಎರಡು ಮನೆಯ ಅಂತರವನ್ನು ಸೊನ್ನೆಯೆಂದೂ ನಾಲ್ಕು ಮನೆಯದನ್ನು ಒಂದೆಂದೂ ಹಿಡಿದು ಓದಿದೆ. 37 ಸ್ಪಂದಗಳ ನಡುವೆ 36 ಬಿಟ್‌ಗಳಿದ್ದವು, ಮತ್ತು ಅದೇ ಸಂದೇಶ ಬೆನ್ನುಬೆನ್ನಿಗೆ ಹಲವು ಬಾರಿ ಬಂದಿದ್ದರಿಂದ ನನ್ನ ಓದನ್ನು ತಾಳೆ ನೋಡುವುದು ಸುಲಭವಾಯಿತು.

ಉಷ್ಣತೆ ಯಾವ ಬಿಟ್‌ಗಳಲ್ಲಿದೆ ಎಂದು ತಿಳಿಯಲು ಸಂವೇದಕವನ್ನು ಅಂಗೈಯಲ್ಲಿ ಹಿಡಿದು ಬೆಚ್ಚಗಾಗಿಸಿ ಮತ್ತೆ ಮತ್ತೆ ದಾಖಲಿಸಿದೆ. ಹನ್ನೆರಡು ಬಿಟ್‌ಗಳ ಒಂದು ಗುಂಪು ಮಾತ್ರ ಏರುತ್ತಾ ಹೋಯಿತು. ಬೆಚ್ಚಗಾಗಿಸುವ ಮೊದಲು ಆ ಗುಂಪು 000100000001 ಆಗಿತ್ತು, ಅಂದರೆ 257. ಆಗ ಪರದೆ ತೋರಿಸಿದ್ದು 25.7 ಡಿಗ್ರಿ. ಸೊನ್ನೆಗಿಂತ ಕೆಳಗಿನ ಅಂಕಿ ಹೇಗೆ ಬರುತ್ತದೆಂಬ ಪ್ರಶ್ನೆ ಉಳಿದಿತ್ತು. ಸಂವೇದಕವನ್ನು ಫ್ರೀಜರ್‌ನಲ್ಲಿಟ್ಟು ದಾಖಲಿಸಿದಾಗ 111111100111 ಬಂತು. ಅದು 4071. ಹನ್ನೆರಡು ಬಿಟ್‌ಗಳಲ್ಲಿ ಬರೆಯಬಹುದಾದ ಒಟ್ಟು ಸಂಖ್ಯೆಗಳು 4096; ಅದರಿಂದ ಇದನ್ನು ಕಳೆದರೆ 25. ಪರದೆಯಲ್ಲಿ ಮೈನಸ್ 2.5 ಇತ್ತು.